ಬಿಸಿಲು ಕಾಣದ ತುಂಗಾ

ಯಶವಂತಪುರದ ರೈಲ್ವೆ ಗುಮಾಸ್ತ ಶೇಷಗಿರಿರಾಯರ ಮಗಳು ತುಂಗಾ ಎಣ್ಣೆಗಪ್ಪು. ಕಪ್ಪಾದರೇನಂತೆ, ಸೀಬೆಮರ ಹತ್ತುತ್ತಿದ್ದಳು, ಹಳಿ ಪಕ್ಕದ ಬಯಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಮೈನೆರೆದದ್ದೇ ತಡ, ತಾಯಿ ಪುಟ್ಟಲಕ್ಷ್ಮಿ ಶಾಲೆ ಬಿಡಿಸಿ ನಡುಮನೆಗೆ ತಳ್ಳಿದಳು.

"ಬಿಸಿಲಿಗೆ ಹೋದ್ರೆ ಇನ್ನೂ ಕರ್ರಗಾಗ್ತೀಯ ಕಣೇ. ಆಮೇಲೆ ಯಾರು ಮಾಡ್ಕೋತಾರೆ?"

ಒಂದಲ್ಲ ಎರಡಲ್ಲ, ಆರು ವರ್ಷ! ಬಟ್ಟೆ ಒಣಹಾಕಲಿಕ್ಕೂ ಹಿತ್ತಿಲಿಗೆ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಮಗಳ ಬಣ್ಣ ತುಸು ತಿಳಿಯಾದಾಗ ಅವಳಿಗೆ ಸ್ವರ್ಗ ಮೂರೇ ಗೇಣು. ಆ ಹೊತ್ತಿಗೆ ತುಂಗಾಳ ಸೊಂಟ, ತೊಡೆ ಒಳಗೊಳಗೇ ನೋಯುತ್ತಿದ್ದವು. ಕೂತರೆ ಗೋಡೆ ಹಿಡಿಯದೆ ಏಳಲಾರಳು, ನಡೆದರೆ ಬಾತುಕೋಳಿಯ ಹಾಗೆ ಓಲಾಡುವಳು. ಹೇಳಿಕೊಂಡರೆ, "ಈ ವಯಸ್ಸಿಗೇ ಏನೇ ನಿಂದು ಮುದುಕಿ ರಾಗ? ಮೈಗಳ್ಳಿ!" ಎಂದು ತಾಯಿಯಿಂದ ಬೈಸಿಕೊಳ್ಳಬೇಕು. ಬೈದವಳೇ ಸಂಜೆ ಕೂತು ಹರಳೆಣ್ಣೆ ತಿಕ್ಕುತ್ತಿದ್ದಳು, ಅದೂ ನಿಜ.

ಅರವತ್ತೊಂದನೇ ಇಸವಿಯಲ್ಲಿ ತುಮಕೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ಮೇಷ್ಟ್ರು. ಬಣ್ಣ ಒಪ್ಪಿಗೆಯಾಯಿತು, ಹಾಡೂ ಆಯಿತು. "ಹಿರಿಯರಿಗೆ ನಮಸ್ಕಾರ ಮಾಡಮ್ಮ," ಎಂದರು ಹುಡುಗನ ತಾಯಿ.

ತುಂಗಾ ಸುತ್ತ ನೋಡಿದಳು. ಬಗ್ಗುವುದೇನೋ ಬಗ್ಗಿಯಾಳು, ಏಳುವುದು ಹೇಗೆ? ನಟ್ಟನಡುವೆ ಹಿಡಿಯಲು ಗೋಡೆಯೂ ಇಲ್ಲ. ಹಣೆಯನ್ನು ನೆಲಕ್ಕೆ ತಾಗಿಸಿದಳು. ಮೊಣಕಾಲಿನ ಮೇಲೆ ಕೈಯೂರಿ ಏಳಹೋದಳು, ಆಗಲಿಲ್ಲ. "ಏಳೇ," ಎಂದು ತಾಯಿ ಪಿಸುಗುಟ್ಟಿದಳು. ಎರಡನೇ ಸಲ ಉಸಿರು ಬಿಗಿಹಿಡಿದು ಎದ್ದವಳು ಪಕ್ಕಕ್ಕೆ ಉರುಳಿದಳು. ತೊಡೆಮೂಳೆ ಲಟಕ್ಕೆಂದದ್ದು ಬಂದವರಿಗೂ ಕೇಳಿಸಿತು. ಅವರು ಕಾಫಿ ಮುಗಿಸದೆ ಹೊರಟುಹೋದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಕೆಂಡವಾದರು. "ಮೂಳೆ ಪೂರಾ ಮೆತ್ತಗಾಗಿದೆ. ಮೈಗೆ ಬಿಸಿಲೇ ಬೀಳ್ದಿದ್ರೆ ವಿಟಮಿನ್ ಡಿ ಎಲ್ಲಿಂದ ಬರ್ಬೇಕ್ರೀ? ಇಷ್ಟು ವರ್ಷ ಮಗಳನ್ನ ಎಲ್ಲಿಟ್ಟಿದ್ರಿ?"

ಪುಟ್ಟಲಕ್ಷ್ಮಿ ಮಗಳ ಹೊದಿಕೆ ಸರಿಪಡಿಸಿದಳು.

ಔಷಧಿಗೆ ನೋವು ಇಳಿಯಿತು. ಆದರೆ ಮುರಿದ ತೊಡೆ ಸೊಟ್ಟಗೆ ಕೂಡಿಕೊಂಡು ಕಾಲು ಗಿಡ್ಡವಾಯಿತು. ಸೊಂಟದ ಮೂಳೆಯೂ ಒತ್ತಿಹೋಗಿದೆ, ಹೆರಿಗೆ ಕಷ್ಟ ಎಂದರು ಡಾಕ್ಟರಮ್ಮ. ಇಂಥ ಮಾತು ಮನೆಯೊಳಗೆ ನಿಲ್ಲುತ್ತದೆಯೇ? ಆಮೇಲೆ ಜಾತಕ ಕೇಳಿ ಒಬ್ಬರೂ ಬರಲಿಲ್ಲ.

ಈಗ ದಿನಾ ಬೆಳಿಗ್ಗೆ ತಾಯಿಯೇ ಅವಳನ್ನು ಹಿತ್ತಿಲಿಗೆ ನಡೆಸಿಕೊಂಡು ಬಂದು ಚಾಪೆಯ ಮೇಲೆ ಕೂರಿಸುತ್ತಿದ್ದಳು. ಒಂದು ದಿನ ಬಿಸಿಲು ಚುರುಕಾಯಿತು. ಹಾಳು ಅಭ್ಯಾಸ, ಪುಟ್ಟಲಕ್ಷ್ಮಿ ತನಗೆ ಅರಿವಿಲ್ಲದೆಯೇ ಸೆರಗನ್ನು ಮಗಳ ಮುಖಕ್ಕೆ ಮರೆ ಹಿಡಿದಳು.

ತುಂಗಾ ಸೆರಗು ಸರಿಸಿದಳು. "ಬಿಡಮ್ಮಾ. ಇನ್ಯಾರು ನೋಡಕ್ಕೆ ಬರ್ತಾರೆ?"