ಮೂರು ತಾಲ್ಲೂಕಿನ ಗ್ರೂಪಿಗೆ ನಾನು ಅಡ್ಮಿನ್ ಆಗಿದ್ದು

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸ್ ಕಟಿಂಗ್ ಹೇಳಿಕೊಡುವ ಸಣ್ಣ ಸಣ್ಣ ವಿಡಿಯೋ ಮಾಡಿ ಫೋನಿನಲ್ಲಿ ಹಾಕುತ್ತಿದ್ದೆ. ಒಂದು ದಿನ ಬಸರೀಕಟ್ಟೆಯ ಜೀಪ್ ಡ್ರೈವರ್ ಒಬ್ಬ ಸೀಟ್ ಕವರ್ ಹೊಲಿಸಲು ಬಂದ. "ಅಕ್ಕಾ, ನಾನೂ ವಿಡಿಯೋ ಮಾಡ್ತೀನಿ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದಲ್ಲಿ ಹಿಂಗೆ ಮಾಡೋರೆಲ್ಲ ಸೇರಿ ಒಂದು ಗ್ರೂಪ್ ಮಾಡಣ. ನೀವೇ ಅಡ್ಮಿನ್ ಆಗಿ" ಎಂದ. ಯಾಕೆ ಹೂಂ ಅಂದೆನೋ ಗೊತ್ತಿಲ್ಲ.

ಮೊದಲು "ಕೊಪ್ಪ ಕಲಾವಿದರು" ಎಂದು ಹೆಸರಿಟ್ಟೆ. ಮಧ್ಯಾಹ್ನದೊಳಗೆ ಶೃಂಗೇರಿಯವರು, "ನಾವೆಂತ ಕೊಪ್ಪದ ಬಾಲವಾ?" ಎಂದು ಕೇಳಿದರು. "ತುಂಗಾ ತೀರದವರು" ಎಂದು ಬದಲಿಸಿದೆ. ಎನ್.ಆರ್. ಪುರದ ನಿವೃತ್ತ ಮೇಷ್ಟ್ರೊಬ್ಬರು, ಚುಟುಕ ಬರೆದು ಓದಿ ಹಾಕುವವರು, ಫೋನ್ ಮಾಡಿದರು. "ತುಂಗೆ ನಿಮ್ಮದು, ತಾಯಿ. ನಮ್ಮದು ಭದ್ರೆ." ಊರುಗಳ ಮೊದಲಕ್ಷರ ಜೋಡಿಸೋಣವೆಂದರೆ ಯಾರ ಅಕ್ಷರ ಮೊದಲು ಎಂಬ ಜಗಳ. ಮೇಷ್ಟ್ರು ಕೊಟ್ಟ ಸಂಸ್ಕೃತದ ಹೆಸರನ್ನು ಟೈಪ್ ಮಾಡಲು ಯಾರಿಗೂ ಬರಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಎದುರಿಗೆ ಅಳತೆ ಕೊಡಲು ನಿಂತವರನ್ನು ಕಾಯಿಸಿ, ಎರಡು ವಾರ ಇದೇ ಪಂಚಾಯಿತಿ ಮಾಡಿದೆ. ಕೊನೆಗೆ ಸಾಕಾಗಿ "ಮೂರು ತಾಲ್ಲೂಕಿನವರು" ಎಂದು ಹಾಕಿ ಫೋನನ್ನು ಡ್ರಾಯರಿಗೆ ತಳ್ಳಿದೆ. ಯಾರಿಗೂ ಇಷ್ಟವಾಗಲಿಲ್ಲ. ಹಾಗಾಗಿ ಯಾರೂ ಜಗಳ ಆಡಲಿಲ್ಲ.

ನಿಯಮಗಳನ್ನು ಮೇಷ್ಟ್ರೇ ಬರೆದುಕೊಟ್ಟರು. ಒಂದು ಪುಟ ತುಂಬ ಇತ್ತು. ರಾಜಕೀಯ ಬೇಡ, ಜಾತಿ ಮಾತು ಬೇಡ, ಶುಭೋದಯದ ಚಿತ್ರ ಬೇಡ. ಮಾರನೇ ದಿನ ಬೆಳಿಗ್ಗೆ ಮೊದಲ ತಾವರೆ ಹೂವಿನ ಶುಭೋದಯ ಬಂದದ್ದು ಅವರಿಂದಲೇ. ನಾನು ಫೋನು ಸರಿಸಿ ಕತ್ತರಿ ಹಿಡಿದೆ. ಹೇಳಿ ಹೇಳಿ ದಣಿದಿದ್ದೆ.

ಮಳೆಗಾಲ ಹಿಡಿದ ಮೇಲೆ ಡ್ರೈವರ್ ಒಂದು ವಿಡಿಯೋ ಹಾಕಿದ. ಎಸ್ಟೇಟಿನ ಹೆಣ್ಣಾಳುಗಳು ಅವನ ಜೀಪಿನಿಂದ ಇಳಿಯುತ್ತಿದ್ದರು. ಒಬ್ಬಾಕೆ ಜಾರಿ ಕೆಸರಲ್ಲಿ ಕೂತುಬಿಟ್ಟಳು, ಕೈಯಲ್ಲಿದ್ದ ಬುತ್ತಿ ಹಾರಿ ಬಿತ್ತು. ಅದಕ್ಕೊಂದು ತಮಾಷೆಯ ಮ್ಯೂಸಿಕ್ಕು. ಗ್ರೂಪಿನ ತುಂಬ ನಗುವ ಮುಖಗಳು. ನಾನೂ ಒಂದು ಹಾಕಿದೆ.

ಎರಡು ದಿನ ಬಿಟ್ಟು ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಅಲ್ಲಿ ಒಮ್ಮೆಯೂ ಮಾತಾಡದೆ, ಗದ್ದೆ ನಾಟಿಯ ಹಾಡುಗಳನ್ನು ಮಾತ್ರ ಹಾಡಿ ಕಳಿಸುತ್ತಿದ್ದ ಹೆಂಗಸಿನದು. ಹಾಡಿನಲ್ಲಿ ಅವಳ ಮುಖ ಯಾವತ್ತೂ ಇರುತ್ತಿರಲಿಲ್ಲ, ದನಿ ಮಾತ್ರ.

"ಬಿದ್ದಿದ್ದು ನಾನೇ. ಯಾರಾದ್ರೂ ಬಿದ್ರೆ ನಗು ಬರ್ತದೆ, ನಂಗೂ ಬರ್ತದೆ. ಆದ್ರೆ ನನ್ನ ಮಗಳಿಗೆ ಶಾಲೆಲಿ ಅದನ್ನೇ ತೋರಿಸಿ ನಗಾಡ್ತಾರಂತೆ. ಅವತ್ತು ಅನ್ನ ಎಲ್ಲ ಚೆಲ್ಲಿ ಹೋಯ್ತು. ಸಂಜೆ ತನಕ ಖಾಲಿ ಹೊಟ್ಟೇಲಿ ಕೆಲಸ ಮಾಡಿದೆ. ಅದನ್ನ ಯಾರೂ ವಿಡಿಯೋ ಮಾಡ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮಿಷನ್ ನಿಲ್ಲಿಸಿದೆ. ಆಮೇಲೆ ನನ್ನ ನಗುವ ಮುಖವನ್ನು ಅಳಿಸಲು ಹೋದೆ. ಅಳಿಸುವಾಗಲೇ ನಾಚಿಕೆಯಾಯಿತು.

ಡ್ರೈವರಿಗೆ ಫೋನ್ ಮಾಡಿದೆ.

"ಅಕ್ಕಾ, ತಮಾಷೆಗೆ ಹಾಕಿದ್ದು" ಎಂದ.

"ಅವಳನ್ನ ಕೇಳಿದ್ಯನಾ?"

"ಜೀಪಲ್ಲಿ ದಿನಾ ಬರೋರು ಅಲ್ದಾ. ಕೇಳದೆಂತ?"

"ಅವಳ ಮಗಳ ಕತೆ ಕೇಳಿದ್ಯಲ್ಲ" ಎಂದೆ. "ತೆಗಿತೀನಿ" ಎಂದ. ತೆಗೆದ. ಅಷ್ಟರಲ್ಲಿ ಅದು ಯಾರ್ಯಾರದೋ ಫೋನಿಗೆ ಹೋಗಿಯಾಗಿತ್ತು.

ಕೇಳದೆ ಯಾರ ವಿಡಿಯೋವನ್ನೂ ಮಾಡಬಾರದು ಎಂದು ನಿಯಮಗಳ ಮೇಲೆ ಹೊಸದೊಂದು ಸೇರಿಸಿದೆ. ಒಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಸಂತೆಲಿ ಎಷ್ಟು ಜನರನ್ನ ಕೇಳದು?" ಎಂದ ಒಬ್ಬ. ಕೆರೆಕಟ್ಟೆಯಲ್ಲಿ ಕಾಡುಕೋಣದಂಥ ಪ್ರಾಣಿಗಳ ಫೋಟೋ ತೆಗೆಯುವವನು, "ಕಾಟಿನ್ನೂ ಕೇಳಬೇಕಾ ಮಾರಾಯ್ರೆ?" ಎಂದ. ಮತ್ತೆ ನಗುವ ಮುಖಗಳು. ಈ ಗದ್ದಲದ ನಡುವೆ ಆಕೆ ಗ್ರೂಪ್ ಬಿಟ್ಟು ಹೋಗಿದ್ದಳು. ನಾನು ನೋಡಿದ್ದು ಮಾರನೇ ದಿನ.

ಶ್ರಾವಣದಲ್ಲಿ ಲಂಗ ಹೊಲಿಸಲು ಮಗಳನ್ನು ಕರೆದುಕೊಂಡು ಅವಳೇ ಅಂಗಡಿಗೆ ಬಂದಳು. ದನಿ ಕೇಳಿಯೇ ಗುರುತು ಹಿಡಿದೆ.

"ತಪ್ಪಾಯ್ತು. ನಾನೂ ನಕ್ಕಿದ್ದೆ" ಎಂದೆ.

"ಅವನೂ ಮನೆಗೆ ಬಂದಿದ್ದ ಅಕ್ಕಾ. ಬಾಗಿಲಲ್ಲೇ ನಿಂತ್ಕಂಡಿದ್ದ. ಚಾ ಕೊಟ್ಟೆ, ಕುಡ್ಕಂಡು ಹೋದ. ನಾಳೆನೂ ಅವನ ಜೀಪಲ್ಲೇ ಹೋಗ್ಬೇಕಲ್ಲ."

"ಮತ್ತೆ ಗ್ರೂಪಿಗೆ ಸೇರಿಸ್ಲಾ? ನಿನ್ನ ಹಾಡು ಕೇಳ್ದೆ ತುಂಬ ದಿನ ಆಯ್ತು."

ಅವಳು ಬೇಡವೆಂದು ತಲೆಯಾಡಿಸಿದಳು. "ಹಾಡದು ಬಿಟ್ಟಿಲ್ಲ. ಗದ್ದೇಲಿ ಹಾಡ್ತೀನಿ. ಫೋನ್ ಎದುರಿಗಿಟ್ಕಂಡ್ರೆ ಈಗ ದನಿ ಬರಲ್ಲ."

ನಾನು ಒತ್ತಾಯ ಮಾಡಲಿಲ್ಲ. ಟೇಪು ಹಿಡಿದು ಮಗುವಿನ ಸೊಂಟದ ಅಳತೆ ತೆಗೆದುಕೊಂಡೆ. ಎರಡು ವರ್ಷವಾದರೂ ಬರಲಿ ಎಂದು ಒಳಗೆ ಬಟ್ಟೆ ಜಾಸ್ತಿ ಮಡಚಿ ಹೊಲಿದುಕೊಟ್ಟೆ.