ಕಂಬಳಿಯಂಚಿನ ವಿಳಾಸ

"ಅಮ್ಮ, ಕೆಂಪಜ್ಜಿ ಹೆಸರು ಒತ್ತಿದ್ರೆ ಬೇರೆಯವರ ಅಂಗಡಿ ಯಾಕೆ ಬರುತ್ತೆ?"

ಮಗಳು ಕಂಬಳಿಯ ಅಂಚಿನಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ನೋಡಿ ಫೋನಿನಲ್ಲಿ ಒತ್ತಿದ್ದಳು. ಲಾವಣ್ಯ ಒಲೆ ಸಣ್ಣ ಮಾಡಿ ಬಂದು ನೋಡಿದಳು. ತೆರೆದುಕೊಂಡಿದ್ದು ಶಿರಾದ ಅಂಜನ್ ಕುಮಾರನ ಅಂಗಡಿ. ಪುಟದ ತುಂಬ ಮಿಲ್ಲಿನ ಕಂಬಳಿಗಳು.

ಮಗಳು ಕೆಂಪಜ್ಜಿ ಎನ್ನುವ ಪಕ್ಕದ ಮನೆಯ ಕೆಂಪಕ್ಕನಿಗೆ ಓದು ಬರಹ ಬಾರದು. ಉಣ್ಣೆ ಹಿಂಜಿ ನೂಲುವವಳು ಅವಳು, ನೇಯುವವನು ಗಂಡ ಪಾಲಣ್ಣ, ಹುಣಸೆಬೀಜದ ಗಂಜಿ ಹಾಕಿ ಅಂಚು ಹೊಲಿಯುವವಳು ಮತ್ತೆ ಅವಳೇ. ಅವರ ಕುಲದಲ್ಲಿ ಕರಿ ಕಂಬಳಿ ಹಾಸದೆ ಮದುಮಕ್ಕಳನ್ನು ಕೂರಿಸುವುದಿಲ್ಲ. ಅಕ್ಕ ತೀರಿಕೊಂಡ ಮೇಲೆ ಅವಳ ಮಗ ಅಂಜನ್‌ನನ್ನು ಸಾಕಿದ್ದೂ ಕೆಂಪಕ್ಕನೇ. ಅವನು ಕಂಪ್ಯೂಟರ್ ಕಲಿತು ಚಿಕ್ಕವ್ವನ ಹೆಸರಿನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಾಗ ತಮ್ಮೂರು ಐ.ಡಿ.ಹಳ್ಳಿಗೆಲ್ಲ ಹೇಳಿಕೊಂಡು ಬಂದಳು. ಆ ವಿಳಾಸವನ್ನು ರಂಗೋಲಿಯ ಎಳೆಯಂತೆ ನೋಡಿ ಕಲಿತು, ಬಿಳಿ ಉಣ್ಣೆಯಲ್ಲಿ ಪ್ರತಿ ಕಂಬಳಿಗೂ ಹೊಲಿದಳು.

ಈಚೆಗೆ ಗಿರಾಕಿಗಳು ನಿಂತುಹೋಗಿದ್ದರು. ಬರುತ್ತಿದ್ದುದು ಬೈಗುಳ ಮಾತ್ರ. ಪಾವಗಡದ ಹಳೆಯ ಗಿರಾಕಿಯೊಬ್ಬ ಫೋನ್ ಮಾಡಿ, ವೆಬ್‌ಸೈಟಿನಲ್ಲಿ ತರಿಸಿದ ನಿನ್ನ ಕಂಬಳಿ ಬಣ್ಣ ಬಿಟ್ಟು ಹಸೆಯ ಮೇಲೇ ಮದುಮಗಳ ಸೀರೆ ಕೆಟ್ಟಿತೆಂದು ಉಗಿದಿದ್ದ. ಕರಿ ಕುರಿಯ ಹುಟ್ಟುಬಣ್ಣ ಹೇಗೆ ಬಿಟ್ಟೀತು ಎಂದು ಕೆಂಪಕ್ಕ ತಲೆ ಕೆಡಿಸಿಕೊಂಡಿದ್ದಳು.

ಮಧುಗಿರಿಯ ಕಾಲೇಜೊಂದರ ವೆಬ್‌ಸೈಟ್ ನೋಡಿಕೊಳ್ಳುವ ಲಾವಣ್ಯಳಿಗೆ ಸಂಗತಿ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅಂಜನ್ ಆ ವೆಬ್‌ಸೈಟ್ ಇರುವ ಸರ್ವರಿನಲ್ಲಿ ಒಂದು ಸಾಲು ಸೇರಿಸಿದ್ದ. ಈ ವಿಳಾಸ ಕೇಳಿ ಬಂದವರನ್ನು ಆ ವಿಳಾಸಕ್ಕೆ ಕಳಿಸು, ಇವರು ಕಾಯಂ ಆಗಿ ಅಲ್ಲಿಗೆ ಹೋಗಿದ್ದಾರೆ ಎಂದು ಹೇಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಕೆಂಪಕ್ಕನ ಮನೆ ಕೇಳಿದವರಿಗೆಲ್ಲ ತನ್ನ ಮನೆ ತೋರಿಸಿದ ಹಾಗೆ ಎಂದು ಲಾವಣ್ಯ ಪಕ್ಕದ ಮನೆಗೆ ಹೋಗಿ ಬಿಡಿಸಿ ಹೇಳಿದಳು.

"ನೀನೇ ತೆಗೆದ್ಬುಡು ಕಣಮ್ಮ" ಎಂದಳು ಕೆಂಪಕ್ಕ. ಸರ್ವರಿನ ಕೀಲಿಯಾದ ಪಾಸ್‌ವರ್ಡ್ ಅಂಜನ್ ಹತ್ತಿರವಿದೆ, ತನ್ನ ಕೈಯಲ್ಲಿಲ್ಲ ಎಂದು ಲಾವಣ್ಯ ತಿಳಿಸಿ ಹೇಳಿದಳು. ಇಬ್ಬರೂ ಶಿರಾಕ್ಕೆ ಹೋದರು.

ಅಂಗಡಿ ತುಂಬ ಜನ. ಅಂಜನ್ ಎದ್ದು ಕುರ್ಚಿ ಹಾಕಿದ, ಟೀ ತರಿಸಿದ. ಆಮೇಲೆ ಗಿರಾಕಿಗಳ ಕಡೆ ತಿರುಗಿ ನಕ್ಕ.

"ನಮ್ ಚಿಕ್ಕವ್ವ ಇವ್ಳು. ಕನ್ನಡ ಓದಕ್ ಬರಲ್ಲ, ಇಂಗ್ಲಿಷ್ ಹೊಲೀತಾಳೆ."

ಎಲ್ಲರೂ ನಕ್ಕರು. ಅವಳ ಹೆಸರು ಅವಳಿಗೆ ಬಿಟ್ಟುಕೊಡು ಎಂದು ಲಾವಣ್ಯ ಗಟ್ಟಿಯಾಗಿಯೇ ಕೇಳಿದಳು. ಅವನು ಅವಳತ್ತ ನೋಡಲೇ ಇಲ್ಲ.

"ಆ ವಿಳಾಸ ನನ್ನೆಸ್ರಲ್ಲೈತೆ ಚಿಕ್ಕವ್ವ. ನೀನು ಹೊಲ್ದಿದ್ದು ಬರೀ ದಾರ."

ಕೆಂಪಕ್ಕ ಟೀ ಮುಟ್ಟಲಿಲ್ಲ. ಅವಳು ಎದ್ದಾಗ, ಬೇಕಿದ್ದರೆ ನಿನ್ನ ಕಂಬಳಿ ಇಲ್ಲಿಗೇ ತಂದು ಮಾರಾಟಕ್ಕೆ ಹಾಕು, ಅಂಚಿನಲ್ಲಿ ಮಾತ್ರ ನನ್ನ ಅಂಗಡಿಯ ವಿಳಾಸವೇ ಇರಬೇಕು ಎಂದು ಬೆನ್ನ ಹಿಂದಿನಿಂದ ಹೇಳಿದ.

ಬಸ್ಸಿನಲ್ಲಿ ಲಾವಣ್ಯ ಪೊಲೀಸ್ ದೂರಿನ ಮಾತೆತ್ತಿದಳು. ಎದೆ ಹಾಲು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟು ಸಾಕಿದ ಕೂಸನ್ನು ಪೊಲೀಸರಿಗೆ ಹೇಗೆ ಹಿಡಿದು ಕೊಡಲಿ ಎಂದು ಕೆಂಪಕ್ಕ ಕಿಟಕಿಯ ಕಡೆ ಮುಖ ಮಾಡಿದಳು. ಪಾಲಣ್ಣ ನೇಯ್ದಿಟ್ಟ ಕಂಬಳಿಗಳು ಮಾರಾಟವಾಗದೆ ಮನೆಯಲ್ಲಿ ಹುಳ ಹಿಡಿಯುತ್ತಿದ್ದವು. ಊರು ಹತ್ತಿರ ಬಂದಾಗ ಅವಳು ಲಾವಣ್ಯಳ ಕೈ ಹಿಡಿದಳು.

"ಅವ್ನ ಅಂಗಡಿ ವಿಳಾಸದ ಅಕ್ಷರ ದೊಡ್ಡದಾಗಿ ಬರ್ಕೊಡವ್ವ, ನೋಡ್ಕೊಂಡು ಹೊಲೀತೀನಿ. ಒಂದ್ ಗೆರೆ ತಪ್ಪಿದ್ರೂ ವಾಪಸ್ ಎಸೀತಾನೆ ಅವ್ನು."