ಸುಜಾತಾಳ ಪರದೆಯ ಮೇಲೆ ನನ್ನ ಹೆಸರು

ಇಂದು, ಸೋಮವಾರ, ನಾನು ಕಾಲೇಜಿಗೆ ಹೋದದ್ದು ಒಂದೇ ಉದ್ದೇಶದಿಂದ: ಪ್ರಾಜೆಕ್ಟ್ ಪರೀಕ್ಷೆಯಲ್ಲಿ ಮೌಸ್ ಮುಟ್ಟದೆ, ಒಂದೇ ಕಮಾಂಡ್‌ನಿಂದ ನನ್ನ ಪ್ರಾಜೆಕ್ಟಿನ ಪುಟ ತೋರಿಸುವ ಸರ್ವರ್ ಅನ್ನು ಚಾಲೂ ಮಾಡಿ ತೋರಿಸಲು.

ಗೆಳೆಯರೇ, ನಮ್ಮ ಲ್ಯಾಬ್‌ನಲ್ಲಿ ಯಾರು ಯಾವ ಪರದೆಯ ಮುಂದೆ ಕುಳಿತರೂ ಎಲ್ಲರ ಪ್ರಾಜೆಕ್ಟೂ ಓಡುವುದು ಒಂದೇ ಯಂತ್ರದ ಮೇಲೆ, ಒಂದೇ ಲಾಗಿನ್‌ನಲ್ಲಿ. ನನ್ನ ಸರದಿಗೆ ಮೊದಲು ಹಿಂದಿನ ಸಾಲಿನಲ್ಲಿ ಕುಳಿತು ಒಮ್ಮೆ ಕಮಾಂಡ್ ಕೊಟ್ಟು ನೋಡಿದೆ. ಈ ಪೋರ್ಟ್‌ನಲ್ಲಿ ಬೇರೊಂದು ಸರ್ವರ್ ಓಡುತ್ತಿದೆ ಎಂಬ ಉತ್ತರ ಬಂತು. ಪೋರ್ಟ್ ಎಂದರೆ ಪುಟ ತೆರೆದುಕೊಳ್ಳುವ ಬಾಗಿಲಿನ ಸಂಖ್ಯೆ; ಒಂದರಲ್ಲಿ ಒಂದೇ ಸರ್ವರ್ ಇರಬಹುದು. ಯಾರದೆಂದು ವಿಚಾರಿಸದೆ ಅದನ್ನು ನಿಲ್ಲಿಸಿ, ಆ ಜಾಗದಲ್ಲಿ ನನ್ನದನ್ನು ಚಾಲೂ ಮಾಡಿದೆ.

ಆಗ ಮುಂದಿನ ಸಾಲಿನಲ್ಲಿ ಪರೀಕ್ಷಕರಿಗೆ ತನ್ನ ಪ್ರಾಜೆಕ್ಟ್ ತೋರಿಸುತ್ತಿದ್ದವಳು ನನ್ನ ಸಹಪಾಠಿ, ಬೀದರಿನ ಸುಜಾತಾ. ಅವಳು ಪುಟವನ್ನು ರಿಫ್ರೆಶ್ ಮಾಡಿದಳು. ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ನನ್ನ ಹೆಸರು ಮೂಡಿತು.

"ಇದಿ ಎವರಿದಮ್ಮಾ?" ಎಂದು ಪರೀಕ್ಷಕರು ತೆಲುಗಿನಲ್ಲಿ ಗದರಿದರು. ಇದು ಯಾರದೆಂದು ಅವರು ಕೇಳಿದ್ದು ಸುಜಾತಾಳನ್ನು. ಉತ್ತರಿಸಿದ್ದು ನಾನು. ಎದ್ದು ನಿಂತು, "ಸರ್, ಅದು ನನ್ನದು. ಇವಳು ಕದ್ದಿದ್ದಾಳೆ!" ಎಂದೆ.

ಇಡೀ ಲ್ಯಾಬ್ ಅವಳತ್ತ ತಿರುಗಿತು. ಆಮೇಲೆ ನನ್ನ ದೃಷ್ಟಿ ನನ್ನದೇ ಪರದೆಯ ಮೇಲೆ ಬಿತ್ತು. ನಾನು ಕೊಟ್ಟ ಕಮಾಂಡ್ ಇನ್ನೂ ಅಲ್ಲೇ ಇತ್ತು; ನಾನು ನಿಲ್ಲಿಸಿದ್ದು ಸುಜಾತಾಳ ಸರ್ವರ್ ಎಂಬುದು ಆಗ ಹೊಳೆಯಿತು. ತಪ್ಪೊಪ್ಪಿಕೊಂಡೆ, ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳಮ್ಮಾ," ಎಂದರು ಪರೀಕ್ಷಕರು.

ಜೋರಾಗಿ ಹೇಳಿದೆ.

ಸುಜಾತಾಗೆ ಇನ್ನೊಂದು ಅವಕಾಶ ಸಿಕ್ಕಿತು, ಅವಳ ಪ್ರಾಜೆಕ್ಟ್ ಸೊಗಸಾಗಿ ಓಡಿತು. ಹೊರಗೆ ಬಂದು ನಕ್ಕಳು: "ಏನವಾ ಟಾಪರ್, ನನ್ನ ಮನಿ ಖಾಲಿ ಮಾಡಿಸಿ ನನ್ನ ಮ್ಯಾಲೇ ಕಳ್ಳತನದ ಕೇಸ್ ಹಾಕಿದ್ಯಲ್ಲ! ಆತು ಬಿಡು. ಬಾ, ಚಾ ಕುಡಿಯೂಣು."

"ನಾನು ಬರುವುದಿಲ್ಲ, ನಿನ್ನೆದುರು ಕೂತು ಚಹಾ ಕುಡಿಯುವ ಮುಖ ನನಗಿಲ್ಲ," ಎಂದೆ.